ಹಳೇ ಪೋಸ್ಟರು

ಬರ್ನ್‌ಲಿ ಊರಿನ ನಾಟಕಶಾಲೆಯ ಗೋಡೆಗೆ ಮುದುಕ ಈನಕ್ ಹಿಟ್ಟಿನ ಅಂಟು ಬಳಿದು ಆಳೆತ್ತರದ ಪೋಸ್ಟರು ಮೆತ್ತುತ್ತಿದ್ದ. ದಾರಿಯಲ್ಲಿ ಬರುತ್ತಿದ್ದ ಹೆಟ್ಟಿ ಗಕ್ಕನೆ ನಿಂತಳು. ಚಿತ್ರದಲ್ಲಿ ಚಾಕು ಎಸೆಯುತ್ತಿರುವವನು ಅವಳ ಗಂಡ ಸೈಲಸ್, ಅನುಮಾನವೇ ಇಲ್ಲ. ಆದರೆ ಹಲಗೆಗೆ ಒರಗಿ ನಗುತ್ತಿದ್ದವಳು ಹೆಟ್ಟಿ ಅಲ್ಲ.

"ಯಾರಜ್ಜಾ ಇವಳು?"

"ನೆಲ್ ಕಣಮ್ಮ, ಅವನ ಮೊದಲ್ನೇ ಹೆಂಡ್ತಿ. ಮಿಕ್ಕಿದ್ದ ಹಳೇ ಪೋಸ್ಟರೇ ಕಳಿಸಿದ್ದಾನೆ, ತಾರೀಖಿನ ಪಟ್ಟಿ ಮಾತ್ರ ಹೊಸದು. ಮುಖ ಯಾರು ನೋಡ್ತಾರೆ? ಎಲ್ರೂ ಚಾಕು ನೋಡೋರೇ." ಈನಕ್ ಕುಂಚ ಅದ್ದಿಕೊಂಡ. "ಆವತ್ತೂ ಇದೇ ಗೋಡೆಗೆ ನಾನೇ ಅಂಟಿಸಿದ್ದೆ. ಪಾಪ, ಎರಡನೇ ಆಟಕ್ಕೇ ಹೋಗ್ಬಿಟ್ಳು. ಚಾಕು ಕುತ್ತಿಗೆಗೇ ಬಿತ್ತು."

ಜ್ವರ ಬಂದು ಸತ್ತಳೆಂದು ಸೈಲಸ್ ಹೇಳಿದ್ದ. ಹೆಟ್ಟಿ ಮುದುಕನ ಕಂತೆಯಿಂದ ಒಂದು ಪೋಸ್ಟರು ಎಳೆದುಕೊಂಡವಳೇ ಒಳಗೆ ಓಡಿದಳು.

"ಜ್ವರ ಅಂದಿದ್ಯಲ್ಲೋ, ಸುಳ್ಳುಬುರುಕ!"

ಚಾಕು ಒರೆಸುತ್ತಿದ್ದ ಸೈಲಸ್ ಬಿಳಿಚಿಕೊಂಡ. "ನಿಜ ಹೇಳಿದ್ರೆ ನೀನು ಹಲಗೆ ಮುಂದೆ ನಿಲ್ತಿದ್ಯಾ? ಒಂದೇ ಒಂದು ಸಲ ಕೈ ಜಾರಿದ್ದು, ದೇವರಾಣೆ. ಆಮೇಲೆ ಈ ಊರಿಗೆ ಕಾಲೇ ಇಟ್ಟಿರ್ಲಿಲ್ಲ. ಈಗ ಬೇರೆ ಯಾರೂ ಕರೀತಿಲ್ಲ, ಏನ್ ಮಾಡ್ಲಿ?"

ಹೆಟ್ಟಿ ಪೋಸ್ಟರನ್ನು ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿದಳು. "ಮೊದ್ಲು ಇವಳಿಗೆ ಎಸಿ. ಒಂದು ತಾಗಿದ್ರೂ ನಾನು ಸಂಜೆ ರೈಲಿಗೆ ಅಮ್ಮನ ಮನೆಗೆ."

ಅವನು ಎಸೆದ. ಕಿವಿಯ ಪಕ್ಕ, ಕಂಕುಳ ಕೆಳಗೆ, ಕತ್ತಿನ ಎರಡೂ ಬದಿಗೆ, ಠಪ್ ಠಪ್ ಎಂದು ನೆಟ್ಟವು. ಎಸೆಯುವಾಗೆಲ್ಲ ಕಾಗದದ ಹೆಂಗಸಿನ ಜೊತೆ ಏನೋ ಗೊಣಗುತ್ತಿದ್ದ. ಅವಳಿಗೆ ಒಂದು ಗೀರೂ ಬೀಳಲಿಲ್ಲ. ಹೆಟ್ಟಿ ಉಸಿರು ಬಿಟ್ಟಳು. ಆಡಿದ ಮಾತಿನಂತೆ ಇನ್ನು ತಾನೇ ಹಲಗೆ ಮುಂದೆ ನಿಲ್ಲಬೇಕು.

ಸಂಜೆ ಆಟ ಶುರುವಾಯಿತು. ಹೆಟ್ಟಿಯ ಕೈಕಾಲನ್ನು ಹಲಗೆಗೆ ಬಿಗಿದ ಮೇಲೆ ಪರದೆ ಎದ್ದಿತು. ಅವಳು ಹಲ್ಲು ಕಚ್ಚಿ ನಕ್ಕಳು. ಸೈಲಸ್ ಮೊದಲ ಚಾಕು ಎತ್ತಿದ. ಅವಳನ್ನೇ ನೋಡುತ್ತ ನಿಂತ. ಅವನ ಕಣ್ಣು ತುಂಬಿಬಂದಿತ್ತು.

"ಹೆದರ್ಬೇಡ," ಎಂದ ಮೆಲ್ಲಗೆ, "ಈ ಸಲ ಕೈ ಜಾರಲ್ಲ, ನೆಲ್."