ಬಾಳವ್ವನ ಕರವಸ್ತ್ರ

ಹಳೇ ಸಾಮಾನು ಹಿಡಿದರೆ ಮಾಡಿದವರ ದನಿ ಹಿಡಿದವರಿಗಷ್ಟೇ ಕೇಳುತ್ತದೆ, ಕೇಳಿದಷ್ಟೂ ಸವೆಯುತ್ತದೆ, ಗೊತ್ತಲ್ಲ. ಮ್ಯೂಸಿಯಮ್ಮಿನ ವಿಶ್ವಮೇಳದ ಕಪಾಟಿನಲ್ಲಿದ್ದ ಕರವಸ್ತ್ರದಲ್ಲಿ ಇನ್ನೊಂದೇ ಸಲಕ್ಕಾಗುವಷ್ಟು ದನಿಯಿತ್ತು. ಅದಕ್ಕೆಂದೇ ಗುಳೇದಗುಡ್ಡದಿಂದ ನೀಲವ್ವ ಬಂದಿದ್ದಳು. ಅದನ್ನು ನೇಯ್ದವಳು ಅವಳ ಮುತ್ತಜ್ಜಿ ಬಾಳವ್ವ. ದೊಡ್ಡ ಮಗಳನ್ನು ಊರಲ್ಲಿ ಬಿಟ್ಟು, ಗಂಡ ಮತ್ತು ಕೂಸಿನ ಜತೆ ಹಡಗು ಹತ್ತಿ ಪರದೇಶದ ಆ ಮೇಳಕ್ಕೆ ಹೋಗಿ, ಅಲ್ಲಿಯವರ ಮುಂದೆ ಮಗ್ಗ ಹೂಡಿದವಳು. ಮೂವರಲ್ಲಿ ಒಬ್ಬರೂ ಮರಳಲಿಲ್ಲ.

"ಸ್ವಲ್ಪ ಕೂಡ್ರು ತಂಗಿ. ಸಾಹೇಬ್ರು ಪರದೇಶದ ಅತಿಥಿಗೆ ಏನೋ ಕೇಳಸಾಕತ್ತಾರ," ಎಂದ ಕಾವಲಿನ ಮೌಲಾಸಾಬ.

ಅವಳು ಒಳಗೆ ಹೋದಾಗ ಅತಿಥಿಯ ಕೈಯಲ್ಲಿ ಅದೇ ಕರವಸ್ತ್ರವಿತ್ತು. ದನಿ ಮುಗಿದಿತ್ತು. ಆತ ಕೇಳಿದ್ದನ್ನು ಖುಷಿಯಿಂದ ಗುನುಗುತ್ತಿದ್ದ.

"ಎಂಥಾ ಹಾಡು ಅಂತಿದ್ದಾರಮ್ಮ!" ಸಾಹೇಬರು ಹಿಗ್ಗಿದರು.

ನೀಲವ್ವ ಆ ಗುನುಗಿನ ರಾಗದ ಗುರುತು ಹಿಡಿದಳು. "ಹಾಡಲ್ರೀ ಅದು. ನಮ್ಮ ಕಡೆ ಹೆಣದ ಮುಂದ ಕುಂತು ಹಂಗ ಹಾಡಿಕೊಂಡು ಅಳತಾರ್ರೀ. ಯಾರನ್ನ ಕರದು ಅತ್ತಳು, ಗಂಡನ್ನೋ, ಕೂಸನ್ನೋ? ಅಷ್ಟರ ಕೇಳಿ ಹೇಳ್ರೀ."

ಸಾಹೇಬರು ಕೇಳಿದರು. ಅತಿಥಿ ನಗುತ್ತಾ ಏನೋ ಅಂದ.

"ಮಾತು ತಿಳಿಯಲಿಲ್ಲವಂತಮ್ಮ. ರಾಗ ಮಾತ್ರ ಬಹಳ ಇಂಪಾಗಿತ್ತಂತೆ."