ವಾರ್ತೆ ಮುಗಿಯುವವರೆಗೆ

ಹರಿಹರದ ಹೊಳೆದಂಡೆಯ ಓಣಿಯಲ್ಲಿ, ಹೆಂಚಿನ ಮನೆಯೊಂದರಿಂದ ಬೇವಿನ ಮರಕ್ಕೆ ಬಿಗಿದಿದ್ದ ರೇಡಿಯೋ ಏರಿಯಲ್ ಕಂಡಾಗ ಅಂಚೆ ಇಲಾಖೆಯ ಓಬಯ್ಯನವರಿಗೆ ಸಂತೋಷವೇನೂ ಆಗಲಿಲ್ಲ. ಬೆಳಿಗ್ಗೆ ದಾವಣಗೆರೆಯಿಂದ ಬಂದವರು, ಲೈಸೆನ್ಸ್ ಇಲ್ಲದ ರೇಡಿಯೋಗಳನ್ನು ಹುಡುಕಿ ಹುಡುಕಿ ಸೋತಿದ್ದರು. ಹೋದಲ್ಲೆಲ್ಲ ಅದೇ ಮಾತು: ಕೆಟ್ಟು ಕೂತಿದೆ, ಬೀಗರದು, ನಿನ್ನೆ ತಂದದ್ದು. ಇದೊಂದು ಮನೆ ಮುಗಿಸಿ ಬಸ್ಸು ಹತ್ತಿದರಾಯಿತೆಂದು ಕದ ತಟ್ಟಿದರು.

ಕದ ತೆರೆದ ಮುದುಕಿ ದ್ಯಾಮವ್ವ ಏನನ್ನೂ ಮುಚ್ಚಿಡಲಿಲ್ಲ. "ಸುಮ್ನೆ ಬಂದು ಕೂಡ್ರಿ, ವಾರ್ತೆ ಬರ್ತಾ ಐತೆ" ಎಂದು ಪಿಸುಗುಟ್ಟಿ ಒಳಗೆ ಹೋದಳು. ಗೋಡೆಯ ಗೂಡಿನಲ್ಲಿ ಹಳೆಯ ಬ್ಯಾಟರಿ ರೇಡಿಯೋ. ಚೀನಾ ಗಡಿಯ ಯುದ್ಧದ ಸುದ್ದಿ. ಅವಳು ಅದರ ಮುಂದೆ ಕಣ್ಣು ಮುಚ್ಚಿ, ಕೈ ಜೋಡಿಸಿ ಕೂತಳು. ಓಬಯ್ಯನವರಿಗೂ ಕೂತರೆ ಸಾಕಾಗಿತ್ತು.

ವಾರ್ತೆ ಮುಗಿದ ಮೇಲೆ ಅವಳು ಕಣ್ಣು ತೆರೆದಳು.

"ಪೋಸ್ಟಾಫೀಸಿನಿಂದ ಬಂದೀನವ್ವ" ಎಂದರು ಓಬಯ್ಯ.

ಅವಳ ಮುಖ ಬಿಳುಚಿಕೊಂಡಿತು. "ತಂತಿ ಏನಾರ ಬಂತೇನ್ರಿ?"

"ತಂತಿ ಅಲ್ಲ. ರೇಡಿಯೋ ಇಟ್ಕಂಡೋರು ವರ್ಷಾ ವರ್ಷಾ ಲೈಸೆನ್ಸ್ ಹಣ ಕಟ್ಟಬೇಕು. ಕಟ್ಟಿಲ್ಲ ಅಂದ್ರೆ ನಾನು ಇದನ್ನ ಹೊತ್ಕಂಡು ಹೋಗಬೇಕಾಗ್ತತೆ."

"ಹಂಗನ್ನಬ್ಯಾಡ್ರಿ ಯಪ್ಪಾ! ನನ್ ಮಗ ಮಾರಪ್ಪ ಮಿಲಿಟ್ರಿಯಾಗೆ ಅದಾನೆ. ಗಡಿಯಾಗೆ ಸತ್ತೋರ ಹೆಸರು ಇದ್ರಾಗೆ ಓದ್ತಾರಂತೆ. ಇವತ್ತೂ ಅವನ ಹೆಸರು ಬರಲಿಲ್ಲ." ಅವಳು ಸ್ವಲ್ಪ ಹತ್ತಿರ ಸರಿದಳು. "ನೀವು ಸರ್ಕಾರದೋರು, ಖರೇ ಹೇಳ್ರಿ. ಸಿಪಾಯಿಗಳ ಹೆಸರೂ ಓದ್ತಾರಲ್ಲ? ಬರೀ ದೊಡ್ಡೋರದಷ್ಟೇ ಅಲ್ಲಲ್ಲ?"

ಸಿಪಾಯಿಗಳ ಹೆಸರನ್ನು ರೇಡಿಯೋದಲ್ಲಿ ಯಾರೂ ಓದುವುದಿಲ್ಲ. ಆ ಸುದ್ದಿ ಬರುವುದು ತಂತಿಯಲ್ಲಿ, ತಮ್ಮದೇ ಇಲಾಖೆಯ ಮೇಜಿಗೆ. ಇದು ಓಬಯ್ಯನವರಿಗೆ ಗೊತ್ತಿತ್ತು.

"ಎಲ್ಲಾರದೂ ಓದ್ತಾರವ್ವ" ಎಂದವರೇ ಎದ್ದು ಹೊರಗೆ ಬಂದರು.

ಬಾಗಿಲಾಚೆ ಪಕ್ಕದ ಸೈಕಲ್ ಅಂಗಡಿಯ ಹಯಾತ್ ಸಾಬ್ ಕಾಯುತ್ತಿದ್ದ. "ಆ ರೇಡಿಯೋ ನಂದು ಸಾಹೇಬ್ರೆ. ತಪ್ಪು ನಂದೇ."

"ಹೆಸರು ಓದ್ತಾರೆ ಅಂತ ಹೇಳ್ದೋರೂ ನೀವೇ ಏನು?"

"ಹೌದ್ರಿ. ಬೆಳಗಾದ್ರೆ ತಂತಿ ಬಂತಾ ಅಂತ ಪೋಸ್ಟಾಫೀಸಿನ ಮೆಟ್ಲ ಮೇಲೆ ಕೂತುಬಿಡ್ತಿದ್ಲು. ಕೂಳಿಲ್ಲ, ನೀರಿಲ್ಲ. ಮಗ ಬರೋದ್ರೊಳಗೆ ಇವಳೇ ಹೋಗ್ತಾಳೆ ಅನ್ನಿಸ್ತು. ಈಗ ಹೆಸರು ಬರಲಿಲ್ಲ ಅಂತ ಗೊತ್ತಾದ್ಮೇಲಾದ್ರೂ ಒಲೆ ಹಚ್ತಾಳೆ."

"ಒಂದಿನ ತಂತಿನೇ ಬಂದ್ರೆ?"

ಹಯಾತ್ ಸಾಬ್ ಕೈಗೆ ಮೆತ್ತಿದ್ದ ಗ್ರೀಸನ್ನು ಅರಿವೆಯಿಂದ ಒರೆಸುತ್ತ ನಿಂತ. "ಬಂದ್ರೆ ಅವತ್ತು ನನ್ ಮುಖಕ್ಕೆ ಉಗೀಲಿ ಸಾಹೇಬ್ರೆ. ಅಲ್ಲೀತನಕ ಉಣ್ಣಲಿ."

ಓಬಯ್ಯನವರಿಗೆ ಬೈಯಬೇಕೆನ್ನಿಸಿತು, ಯಾರನ್ನೆಂದು ತಿಳಿಯಲಿಲ್ಲ. "ನಾಳೇನೇ ಹೋಗಿ ನಿಮ್ ಹೆಸರಿಗೆ ಲೈಸೆನ್ಸ್ ಮಾಡಿಸ್ರಿ. ನಾನಿನ್ನೂ ಈ ಓಣಿಗೆ ಬಂದಿಲ್ಲ ಅಂದ್ಕಳ್ರಿ" ಎಂದರು.

ಬಸ್ಸಿಗೆ ಹೊತ್ತಾಗಿತ್ತು. ಆದರೂ ಅವರು ಕಾಲು ಕೀಳಲಿಲ್ಲ. ಒಳಗೆ ಊದುಗೊಳವೆಯ ಸದ್ದು, ಕೆಮ್ಮು, ಮತ್ತೆ ಊದುವ ಸದ್ದು. ಇಬ್ಬರೂ ಮನೆಯ ಸೂರು ನೋಡುತ್ತ ನಿಂತರು. ಹೆಂಚಿನ ಸಂದಿಯಿಂದ ಹೊಗೆ ಎದ್ದಿತು.