ಮೊದಲ ಅಕ್ಷತೆ

ದೇಹ ರಿಪೇರಿ ಮಾಡುವ ಅಂಗಡಿಗಳು ಗದಗಿಗೂ ಬಂದ ಮೇಲೆ ಅಲ್ಲಿ ಯಾರ ಮುಖವೂ ಮೂವತ್ತು ದಾಟುತ್ತಿರಲಿಲ್ಲ. ಮೊಮ್ಮಗನ ಮದುವೆಯಲ್ಲಿ ಶಿವಗಂಗವ್ವ ಮದುಮಗಳ ಗೆಳತಿಯರ ಸಾಲಿನಲ್ಲೇ ಕೂತಿದ್ದಳು. ಪಕ್ಕದಲ್ಲಿ ಹೆಣ್ಣಿನ ಕಡೆಯ ಫಕ್ಕೀರಪ್ಪ. ಬೆಳಗಿನಿಂದ ಇಬ್ಬರೂ ನಗುತ್ತಾ ಹರಟುತ್ತಿದ್ದರು. ಅವಳು ತನಗೆ ನಲವತ್ತು ಎಂದಿದ್ದಳು, ಅವನು ತನಗೆ ಮೂವತ್ತೆಂಟು ಎಂದಿದ್ದ.

"ಎಲ್ಲಾರಕಿಂತ ಹಿರಿಯರು ಬಂದು ಮೊದಲ ಅಕ್ಷತೆ ಹಾಕ್ರಿ," ಎಂದರು ಸ್ವಾಮಿಗಳು.

ಯಾರೂ ಅಲುಗಲಿಲ್ಲ. ಪ್ರತಿಯೊಬ್ಬರೂ ತಮ್ಮ ಹಿಂದಿನ ಸಾಲನ್ನು ತಿರುಗಿ ನೋಡಿದರು. ಮುಹೂರ್ತ ಮೀರುತ್ತಿತ್ತು. ಮದುಮಗಳೊಂದಿಗೆ ಬಗ್ಗಿ ನಿಂತಿದ್ದ ಮೊಮ್ಮಗ ಅಜ್ಜಿಯನ್ನು ಕಣ್ಣಲ್ಲೇ ಬೇಡಿಕೊಂಡ.

ಶಿವಗಂಗವ್ವ ಎದ್ದು ನಿಂತು, ಫಕ್ಕೀರಪ್ಪನ ಮುಖ ನೋಡದೆ, "ನನಗ ತೊಂಬತ್ತೊಂದು," ಎಂದಳು.

ಇಡೀ ಕಲ್ಯಾಣ ಮಂಟಪ ಎದ್ದು ಕೈಮುಗಿಯಿತು. ಯಾರೋ ದೊಡ್ಡ ಕುರ್ಚಿ ತಂದರು, ಇನ್ಯಾರೋ ಬಾದಾಮಿ ಹಾಲು ಕೊಟ್ಟರು. ಅದನ್ನು ಕಂಡ ಫಕ್ಕೀರಪ್ಪ ಗಂಟಲು ಸರಿಮಾಡಿಕೊಂಡು, "ತಡೀರಿ, ನನಗ ತೊಂಬತ್ಮೂರು," ಎಂದ. ಮೂಲೆಯಿಂದ ಒಬ್ಬ ಚೆಲುವೆ, "ನಂದು ತೊಂಬತ್ನಾಕು," ಎಂದಳು.

"ಲಗೂ ಮುಗಸ್ರಿ, ಬಗ್ಗಿ ಬಗ್ಗಿ ನಡಾ ಹೋತು," ಎಂದು ಮದುಮಗಳು ನರಳಿದಳು.

ಇಷ್ಟು ವರ್ಷ ಮುಚ್ಚಿಟ್ಟ ವಯಸ್ಸು ಶಿವಗಂಗವ್ವನಿಗೆ ಈಗ ಸಾಲದಾಯಿತು.

"ಕನ್ನಡ ಸಾಲಿಗೆ ಹಾಕೂ ಮುಂದ ನಮ್ಮಪ್ಪ ಮಾಸ್ತರ ಕಡೆ ಐದು ವರ್ಷ ಕಡಿಮಿ ಬರಸಿದ್ದ," ಎಂದಳು ಗಂಭೀರವಾಗಿ. "ಖರೇ ವಯಸ್ಸು ತೊಂಬತ್ತಾರು."

ಅವಳಪ್ಪನನ್ನು ಯಾರು ಕೇಳಬೇಕು ಎಂದು ಉಳಿದವರು ಯೋಚಿಸುವಷ್ಟರಲ್ಲಿ ಅಕ್ಕಿಕಾಳು ಮೊಮ್ಮಗನ ತಲೆಯ ಮೇಲೆ ಬಿದ್ದಾಗಿತ್ತು.